ನೇರಳೆ ಪೆನ್ಸಿಲ್ಲಿನ ಗುರುತು

ಅವನು ಹೋಗಿ ಹತ್ತೊಂಬತ್ತು ದಿನವಾಯಿತು. ಕೊನೆಗೆ ಅವನು ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಸರಿಯಿರಲಿಲ್ಲವೇನೋ ಎಂಬ ಯೋಚನೆ ಮಾತ್ರ ಹೋಗುತ್ತಿಲ್ಲ. ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನ್ನಿಸುತ್ತದೆ. ಓದಲು ತೆಗೆದ ಪುಸ್ತಕದ ಅದೇ ಪುಟ ನಾಲ್ಕು ದಿನದಿಂದ ತೆರೆದೇ ಇದೆ. ಬರೆದರೆ ಒಂದು ಕಡೆ ಕೂತೇನು ಎಂದು ಬರೆಯುತ್ತಿದ್ದೇನೆ.

ಊರಿಗೆಲ್ಲ ಅವನು ಸುಣ್ಣಪ್ಪ. ಸರ್ಕಾರಿ ಆಸ್ಪತ್ರೆಯ ಹಿಂಭಾಗದ ಉದ್ದನೆಯ ಕೋಣೆಯಲ್ಲಿ ಕೃತಕ ಕಾಲು ಮಾಡುತ್ತಿದ್ದ. ಹುಬ್ಬು, ಕಿವಿಯ ಮಡಿಕೆ, ಅಂಗಿಯ ಜೇಬು, ಎಲ್ಲೆಲ್ಲೂ ಬಿಳಿ ಪುಡಿ. ಅದು ಸುಣ್ಣವಲ್ಲ, ಪ್ಲಾಸ್ಟರ್ ಎಂದು ಮೂವತ್ತು ವರ್ಷ ಹೇಳಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಪ್ಲಾಸ್ಟರಪ್ಪ ಅನ್ನೋಕೆ ನಾಲಿಗೆ ತಿರುಗಲ್ಲ ಕಣೋ, ಅಡ್ಜಸ್ಟ್ ಮಾಡ್ಕೋ" ಎಂದು ನಾನೂ ರೇಗಿಸುತ್ತಿದ್ದೆ. ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು. ನಾನು ಮುಂದೆ ಅದೇ ಶಾಲೆಯಲ್ಲಿ ಚರಿತ್ರೆ ಪಾಠ ಮಾಡಿದೆ. ಅವನು ಎಂಟನೇ ತರಗತಿಗೇ ಸಾಕೆಂದು ಎದ್ದುಹೋದ.

ನದಿಯ ಈಚೆಗೆ ನಾವು, ಆಚೆಗೆ ಅವರು, ನಡುವೆ ಒಂದು ಸೇತುವೆ. ಅವರ ದೇವರು ಬೇರೆ. ನಾಲ್ಕು ವರ್ಷ ಎರಡು ದಡದವರೂ ಹೊಡೆದಾಡಿದ್ದೆವು. ಅದಾದ ಮೇಲೆ ಸುಣ್ಣಪ್ಪನಿಗೆ ಕೆಲಸಕ್ಕೇನೂ ಬರವಿರಲಿಲ್ಲ.

ಆ ಯುದ್ಧ ಯಾಕಾಯಿತು ಎಂಬುದು ನಮ್ಮಿಬ್ಬರ ನಡುವಿನ ಮುಗಿಯದ ಜಗಳ. ಸಂಜೆ ಶಾಲೆ ಬಿಟ್ಟವನು ಅವನ ಕೋಣೆಗೆ ಹೋಗಿ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಅವನು ಕಾಲು ಉಜ್ಜುತ್ತ ಶುರು ಮಾಡುತ್ತಿದ್ದ.

"ದೇವರು ಅನ್ನೋನು ಇಲ್ದೇ ಇದ್ದಿದ್ರೆ ನನ್ನ ತಮ್ಮ ಇವತ್ತು ಇರ್ತಿದ್ದ ಮೇಷ್ಟ್ರೇ."

"ಶುರುವಾಗಿದ್ದು ಗಿರಣಿ ಯಾರದು, ಸೇತುವೆ ಯಾರ ಕೈಲಿ ಅಂತ ಕಣೋ. ದೇವರ ಹೆಸರು ಬಂದಿದ್ದು ಎರಡನೇ ವರ್ಷ. ಆಗಿನ ಪೇಪರ್ ತೆಗೆದು ಓದು."

"ಪೇಪರ್ ನೀನೇ ಓದು. ಸೇತುವೆ ಮೇಲೆ ನನ್ನ ತಮ್ಮನ್ನ ನಿಲ್ಲಿಸಿ ಏನಂತ ಕೇಳಿದ್ರು? ಗಿರಣಿ ಯಾರ್ದು ಅಂತಾನಾ? ನಿನ್ನ ದೇವರು ಯಾರು ಅಂತ ತಾನೇ?"

ಮರುದಿನ ಬೇರೊಂದು ಪುಸ್ತಕದ ಆಧಾರ ಹುಡುಕಿಕೊಂಡು ಹೋಗುತ್ತಿದ್ದೆ. ಅವನದು ಮತ್ತೆ ಅದೇ ಸೇತುವೆ, ಅದೇ ತಮ್ಮ. ಆ ಸಾವಿನ ನಂತರ ಅವನು ಸೇತುವೆ ದಾಟಿರಲಿಲ್ಲ. ಆಚೆಯವರು ಅವನ ಕೋಣೆಗೆ ಬಂದರೆ ಕಾಲು ಮಾತ್ರ ಮಾಡಿಕೊಡುತ್ತಿದ್ದ. ಹೆಚ್ಚು ಮಾತಿಲ್ಲ.

ಅವನ ಕೆಲಸ ಹೇಗೆಂದು ಸ್ವಲ್ಪ ಹೇಳಬೇಕು. ಮೊಂಡುಗಾಲಿಗೆ ಒದ್ದೆ ಬಟ್ಟೆಯ ಚೀಲ ತೊಡಿಸುತ್ತಾನೆ. ಮೂಳೆ ಎಲ್ಲೆಲ್ಲಿ ಚುಚ್ಚೀತೆಂದು ಬೆರಳಲ್ಲೇ ಹುಡುಕಿ ಅಲ್ಲೆಲ್ಲ ನೇರಳೆ ಪೆನ್ಸಿಲ್ಲಿನ ಗುರುತು ಹಾಕುತ್ತಾನೆ. ಮೇಲೆ ಪ್ಲಾಸ್ಟರ್ ಪಟ್ಟಿ ಸುತ್ತುತ್ತಾನೆ. ಗಟ್ಟಿಯಾದ ಮೇಲೆ ಅದನ್ನು ಕಳಚಿ, ಪೊಳ್ಳಿನೊಳಗೆ ಮತ್ತೆ ಪ್ಲಾಸ್ಟರ್ ಹೊಯ್ದರೆ ಆ ಮನುಷ್ಯನ ಕಾಲಿನದೇ ಅಚ್ಚು ಸಿಗುತ್ತದೆ. ಒದ್ದೆಗೆ ಹತ್ತಿದ ನೇರಳೆ ಗುರುತೂ ಅದಕ್ಕೆ ಇಳಿದಿರುತ್ತದೆ. ಗುರುತಿದ್ದ ಕಡೆ ಮೂಳೆಗೆ ತಗ್ಗು ಬಿಟ್ಟು, ಆ ಅಚ್ಚಿನ ಮೇಲೆ ಮೊಂಡು ಕೂರುವ ಬಟ್ಟಲು ತಯಾರಾಗುತ್ತದೆ. ಅಚ್ಚಿನ ಮೇಲೆ ಅದೇ ಪೆನ್ಸಿಲ್ಲಿನಲ್ಲಿ ನಂಬರು ಮಾತ್ರ, ಹೆಸರು ಬರೆಯುವಂತಿಲ್ಲ. ಹೆಸರು ನೋಡಿದರೆ ಯಾವ ದಡದವನೆಂದು ಗೊತ್ತಾಗುತ್ತದಲ್ಲ, ಅದಕ್ಕೆ. ಯುದ್ಧ ನಿಂತು ಒಪ್ಪಂದವಾದ ಮೇಲೆ ಆಸ್ಪತ್ರೆಯವರು ತಂದ ನಿಯಮ ಇದು.

ಒಪ್ಪಂದದ ಆರನೇ ವರ್ಷ, ಒಂದೇ ದಿನ ಇಬ್ಬರ ಅಳತೆ ತೆಗೆದ. ಒಬ್ಬ ನಮ್ಮ ಬೀದಿಯ ಬೇಕರಿಯವನು, ಇನ್ನೊಬ್ಬ ಆಚೆ ದಡದ ಬಸ್ ಕಂಡಕ್ಟರ್. ಇಬ್ಬರದೂ ಎಡಗಾಲು, ಮೊಣಕಾಲಿಗಿಂತ ನಾಲ್ಕು ಬೆರಳು ಕೆಳಕ್ಕೆ. ಆ ವಾರವೇ ಗೋಡೆಯ ಪೈಪು ಒಡೆದು ಕಪಾಟಿನ ಕೆಳಸಾಲಿಗೆ ನೀರು ನುಗ್ಗಿತು. ಎರಡು ಅಚ್ಚಿನ ನಂಬರೂ ಕರಗಿ ನೇರಳೆ ಮೋಡದಂತಾದವು.

ಇಬ್ಬರನ್ನೂ ಮತ್ತೆ ಕರೆಸಿ ಅಳತೆ ತೆಗೆಯಬೇಕಿತ್ತು. ಅವನು ಕರೆಸಲಿಲ್ಲ. ಎರಡನ್ನೂ ಕೈಯಲ್ಲಿ ಹಿಡಿದು, ತಿರುಗಿಸಿ, ಇದು ಇವನದು, ಇದು ಅವನದು ಎಂದು ತೀರ್ಮಾನಿಸಿದ.

ಕಾಲು ಕೊಟ್ಟ ಮೂರನೇ ದಿನ ಬೇಕರಿಯವನು ಬಾಗಿಲಲ್ಲೇ ಕೂಗಿದ. "ಲೋ ಸುಣ್ಣಪ್ಪ, ಕಾಲು ಕೊಟ್ಟಿದ್ಯೋ ಇಕ್ಕಳ ಕೊಟ್ಟಿದ್ಯೋ? ನನ್ ಹೆಂಡ್ತಿ ಕಾಟ ಸಾಲ್ದು ಅಂತ ಇದನ್ನ ಬೇರೆ ಕಟ್ಟಿದ್ಯಾ?" ಸುಣ್ಣಪ್ಪ ಬಟ್ಟಲಿನೊಳಗೆ ಕೈ ಹಾಕಿದೊಡನೆ ಗೊತ್ತಾಯಿತು. ಮೂಳೆಗೆ ಬಿಟ್ಟ ತಗ್ಗು ಒಂದು ಬೆರಳು ಆಚೆಗಿತ್ತು. ಅದಲು ಬದಲಾಗಿದೆ. ಒಳಗೆ ಮೆತ್ತೆ ಅಂಟಿಸಿ, ಹೊಸದು ಮಾಡಿಕೊಡುತ್ತೇನೆಂದು ಸಮಾಧಾನ ಹೇಳಿ ಕಳಿಸಿದ.

ಕಂಡಕ್ಟರ್ ಬರಲೇ ಇಲ್ಲ. ಸುಣ್ಣಪ್ಪ ಹೇಳಿಕಳಿಸಲೂ ಇಲ್ಲ. ಹದಿನೈದನೇ ದಿನ ಕಂಡಕ್ಟರ್ ಓಡುತ್ತಿದ್ದ ಬಸ್ಸಿನ ಮೆಟ್ಟಿಲಿಂದ ಬಿದ್ದ. ತಲೆಗೆ ಏಟಾಯಿತು. ಕಾಲು ಕಳಚಿ ನೋಡಿದರೆ ಮೊಂಡು ಕೀವು ಕಟ್ಟಿತ್ತಂತೆ.

ಮುಂದಿನದು ಎಷ್ಟು ಬೇಗ ನಡೆಯಿತೆಂದರೆ, ಚರಿತ್ರೆ ಪಾಠ ಮಾಡಿದ ನನಗೂ ನಂಬಲಾಗಲಿಲ್ಲ. ಸೋಮವಾರ 'ಕಾಲು ಸರಿಯಿರಲಿಲ್ಲ' ಎಂದಿದ್ದ ಮಾತು ಮಂಗಳವಾರ 'ನಮ್ಮವರಿಗೆ ಬೇಕಂತಲೇ ಕೆಟ್ಟ ಕಾಲು ಕೊಡುತ್ತಾರೆ' ಎಂದಾಯಿತು. ಬುಧವಾರ ಅವರ ಪ್ರಾರ್ಥನಾ ಮಂದಿರದಲ್ಲೂ ಅದೇ, ನಮ್ಮದರಲ್ಲೂ ಅದಕ್ಕೆ ಉತ್ತರ. ಗುರುವಾರ ಸೇತುವೆಯ ಎರಡು ತುದಿಯಲ್ಲೂ ಜನ. ಬಸ್ಸಿನ ಗಾಜು ಒಡೆಯಿತು. ಅಂಗಡಿಗಳ ಬಾಗಿಲು ಬಿದ್ದವು. ಕಾಲಿನ ಮಾತು ಎಲ್ಲೋ ಹಿಂದೆ ಉಳಿದುಹೋಯಿತು.

ಆ ಮಧ್ಯಾಹ್ನ ಅವನು ನನ್ನ ಮನೆಗೆ ಬಂದು ನಿಂತೇ ಎಲ್ಲ ಹೇಳಿದ. ಕೂರು ಎಂದರೂ ಕೂರಲಿಲ್ಲ.

"ಈಗ ಬಾಯಿ ಬಿಡಬೇಡ" ಎಂದೆ. "ಎರಡು ದಿನ ತಣ್ಣಗಾಗಲಿ."

"ಹೋದ ಸಲಾನೂ ನಾವು ಹಾಗೇ ಅಂದ್ಕೊಂಡಿದ್ವಿ."

"ಅಲ್ಲಿಗೆ ಹೋದ್ರೆ ನಿನ್ನ ಕಾಲು ಮುರೀತಾರೆ ಕಣೋ."

"ಮುರೀಲಿ. ನಂದು ನಾನೇ ಮಾಡ್ಕೊಳ್ತೀನಿ."

ನಗು ಬರಲಿಲ್ಲ. ಸಲಹೆ ಕೊಟ್ಟವನು ನಾನು, ಧೈರ್ಯ ಮಾಡಿದವನು ಅವನು. ಇದನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಮರುದಿನ ಬೆಳಿಗ್ಗೆ ಎರಡು ಅಚ್ಚುಗಳನ್ನೂ ಅಳತೆಯ ಸಾಮಾನನ್ನೂ ಚೀಲಕ್ಕೆ ಹಾಕಿ ಸೈಕಲ್ಲಿನ ಹಿಂದೆ ಕಟ್ಟಿದ. ನಾನು ಪಕ್ಕದಲ್ಲಿ ನಡೆದೆ. ಸೇತುವೆಯ ನಡುವೆ, ಅವನ ತಮ್ಮ ಬಿದ್ದ ಕಡೆ, ಸೈಕಲ್ ಒಂದು ಗಳಿಗೆ ನಿಂತಿತು. ಅವನು ಮತ್ತೆ ತಳ್ಳಿದ. ಆಚೆ ತುದಿಯ ಜನ ನಮ್ಮನ್ನು ತಡೆದರು. ಚೀಲ ಬಿಚ್ಚಿಸಿದರು. ಒಳಗೆ ಎರಡು ಬಿಳಿ ಮೊಂಡುಗಾಲು ನೋಡಿ ಏನು ಬೈಯಬೇಕೆಂದು ಅವರಿಗೇ ತೋಚಲಿಲ್ಲ. ಸುತ್ತುವರಿದುಕೊಂಡೇ ಕಂಡಕ್ಟರನ ಮನೆಗೆ ಕರೆದೊಯ್ದರು.

ಕಂಡಕ್ಟರ್ ತಲೆಗೆ ಪಟ್ಟಿ ಸುತ್ತಿಕೊಂಡು ಹೊಸಿಲ ಒಳಗೆ ಕುರ್ಚಿಯಲ್ಲಿದ್ದ. ಅವನ ತಾಯಿ ಬಾಗಿಲಿಗೆ ಅಡ್ಡ ನಿಂತಳು. ಸುಣ್ಣಪ್ಪ ಅಚ್ಚುಗಳನ್ನು ನೆಲದ ಮೇಲಿಟ್ಟು, ಪೈಪು, ನೀರು, ಕರಗಿದ ನಂಬರು, ಎಲ್ಲ ಹೇಳಿದ.

"ಇಷ್ಟೇನಾ ಅಣ್ಣಾ?" ಎಂದ ಕಂಡಕ್ಟರ್.

"ನೋವಾದಾಗ ನೀನ್ಯಾಕಪ್ಪಾ ಬರ್ಲಿಲ್ಲ? ಬೇಕರಿಯವನು ಮೂರೇ ದಿನಕ್ಕೆ ಬಂದು ಮಾನ ಕಳೆದ."

"ನೀವು ಮಾಡಿಕೊಟ್ಟಿದ್ದು ಅಂದ್ರೆ ಹಿಂಗೇ ಇರುತ್ತೆ ಅಂದ್ಕೊಂಡೆ. ಕೇಳಿದ್ರೆ ನಗ್ತೀರಿ ಅನ್ನಿಸ್ತು."

ತಾಯಿಗೆ ಅದು ಸಾಲಲಿಲ್ಲ. "ಒಂದು ಮಾತು ಕೇಳ್ತೀನಿ. ಇಬ್ರೂ ನಿನ್ನ ದಡದವರೇ ಆಗಿದ್ರೆ ಮತ್ತೆ ಕರೆಸ್ತಿದ್ಯಾ ಇಲ್ವಾ?"

ಆಗಲೂ ಕರೆಸುತ್ತಿರಲಿಲ್ಲ ಎನ್ನು, ಇಲ್ಲ ಎನ್ನು ಎಂದು ನಾನು ಅವನ ಅಂಗಿ ಹಿಡಿದೆಳೆದೆ. ಹಿಂದೆ ಐವತ್ತು ಜನರಿದ್ದರು.

"ಗೊತ್ತಿಲ್ಲ ಅಮ್ಮ" ಎಂದ. "ನಂಬರ್ ಅಳಿಸಿದ್ದು ನೀರು. ಕರೆಸದೇ ಇದ್ದಿದ್ದು ನಾನು. ಕರೆಸ್ಬೇಕು ಅಂದ್ರೆ ಸೇತುವೆ ಆಚೆ ಹೇಳಿಕಳಿಸ್ಬೇಕಿತ್ತು. ಮನಸ್ಸು ಬರ್ಲಿಲ್ಲ. ಅದು ಸೋಮಾರಿತನಾನೋ, ಇನ್ನೊಂದೋ, ನಂಗೇ ಗೊತ್ತಾಗ್ತಿಲ್ಲ. ನನ್ನ ತಮ್ಮ ಆ ಸೇತುವೆ ಮೇಲೇ ಹೋಗಿದ್ದು."

ಯಾರೋ ಹಿಂದಿನಿಂದ ಕೂಗಿದರು, "ಒಪ್ಕೊಂಡ ನೋಡ್ರೋ!" ಜನ ಮುಂದೆ ನುಗ್ಗಿದರು. ನನ್ನ ಕನ್ನಡಕ ಕೆಳಗೆ ಬಿತ್ತು. ಆ ತಾಯಿ ಮಾತ್ರ ಅವನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಜನರ ಕಡೆ ತಿರುಗಿದಳು. "ಗಲಾಟೆ ಮಾಡೋರು ಹಿಂದಕ್ಕೆ ಹೋಗಿ ಮಾಡ್ಕೊಳ್ಳಿ. ಕಾಲಿಲ್ದೇ ಕೂತಿರೋನು ನನ್ನ ಮಗ." ಒಳಗಿಂದ ಬೋಗುಣಿಯಲ್ಲಿ ನೀರು ತಂದು ಅವನ ಮುಂದೆ ಕುಕ್ಕಿದಳು. "ಅಳತೆ ತಗೋ. ನನ್ನ ಕಣ್ಣೆದುರಿಗೇ ತಗೋ."

ಗಾಯಕ್ಕೆ ತಾಗದಂತೆ ಬಟ್ಟೆ ತೊಡಿಸಿದ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ, ಪಟ್ಟಿ ಸುತ್ತಿದ. ಪ್ಲಾಸ್ಟರ್ ಗಟ್ಟಿಯಾಗುವವರೆಗೆ ಎರಡೂ ಅಂಗೈಯಲ್ಲಿ ಅಲುಗದಂತೆ ಹಿಡಿದಿರಬೇಕು. ಹತ್ತು ನಿಮಿಷ ಆ ಕಾಲನ್ನು ಹಿಡಿದುಕೊಂಡು ಅವನು ನೆಲದ ಮೇಲೆ ಕೂತಿದ್ದ. ಅಷ್ಟೂ ಹೊತ್ತು ಜನ ಕೋಪದಲ್ಲೇ ನೋಡುತ್ತಿದ್ದರು. ಕೊನೆಕೊನೆಗೆ ಒಬ್ಬ "ಬಿಸಿ ಆಗುತ್ತಂತಲ್ಲ ಅದು?" ಎಂದು ಪಕ್ಕದವನನ್ನು ಕೇಳಿದ. ಇನ್ನಿಬ್ಬರು ಗಡಿಯಾರ ನೋಡಿ ಹೊರಟುಹೋದರು.

ಎಲ್ಲ ಅಲ್ಲಿಗೇ ತಣ್ಣಗಾಯಿತು ಎಂದರೆ ಸುಳ್ಳು. ವಾಪಸು ಬಂದಾಗ ನಮ್ಮವರೇ "ಅವರ ಕಾಲು ಹಿಡಿದು ಬಂದೆಯಾ?" ಎಂದು ಹಂಗಿಸಿದರು. "ಹೌದಪ್ಪಾ, ಎಡಗಾಲು" ಎಂದ. ಅವನ ಮನೆ ಕಿಟಕಿಗೆ ನಮ್ಮ ಕಡೆಯ ಕಲ್ಲೇ ಬಿತ್ತು. ಆದರೆ ಮುಂದಿನ ವಾರ ಬಸ್ಸು ಸೇತುವೆ ದಾಟಿತು. ಆ ಭಾನುವಾರ ಅವನು ಕಪಾಟಿನ ಎಲ್ಲ ಅಚ್ಚುಗಳನ್ನು ಕೆಳಗಿಳಿಸಿ ಒಂದೊಂದರ ಮೇಲೂ ಮೊಳೆಯಿಂದ ನಂಬರು ಕೆತ್ತಿದ. ಮುನ್ನೂರಕ್ಕೂ ಹೆಚ್ಚಿದ್ದವು.

ಅಂದಿನಿಂದ ನಮ್ಮ ಹಳೆಯ ಜಗಳ ನಿಂತೇಹೋಯಿತು. ಒಮ್ಮೆ ನಾನಾಗಿಯೇ ಕೆದಕಿದೆ. "ನೋಡಿದ್ಯಾ, ಕಾರಣ ಒಂದು ಪೈಪು. ಧರ್ಮ ಆಮೇಲೆ ಬಂದು ಸೇರ್ಕೊಳ್ತು." ಅವನು ಕಾಲು ಉಜ್ಜುವುದನ್ನು ನಿಲ್ಲಿಸಲಿಲ್ಲ. "ಪೈಪು ಒಡೆದಿದ್ದು ಮಂಗಳವಾರ ಮೇಷ್ಟ್ರೇ. ಸೇತುವೆ ಆಚೆ ಹೇಳಿಕಳಿಸೋಕೆ ನಂಗೆ ಮನಸ್ಸು ಬರದೇ ಇದ್ದಿದ್ದು ಅದಕ್ಕಿಂತ ಎಷ್ಟು ವರ್ಷ ಹಿಂದಿನಿಂದ, ಲೆಕ್ಕ ಹಾಕು." ನಾನು ಪುಸ್ತಕ ಹುಡುಕಲು ಹೋಗಲಿಲ್ಲ.

ಆ ಪುಡಿಯೇ ಕೊನೆಗೆ ಅವನ ಶ್ವಾಸಕೋಶ ತುಂಬಿತು. ಆಸ್ಪತ್ರೆಯ ಮುಂಭಾಗದ ವಾರ್ಡಿನಲ್ಲಿ ಮಲಗಿದ್ದ. ತೊಳೆದು ತೊಳೆದು ಹುಬ್ಬು ಕಪ್ಪಗಾಗಿತ್ತು. ಗುರುತೇ ಸಿಗುತ್ತಿರಲಿಲ್ಲ. ಒಂದು ಸಂಜೆ ಕೇಳಿದ.

"ಇಬ್ರೂ ಈ ದಡದವರೇ ಆಗಿದ್ರೆ ನಾನು ಮತ್ತೆ ಕರೆಸ್ತಿದ್ನಾ?"

"ಎಲ್ಲಿ ಕರೆಸ್ತಿದ್ದೆ! ಹುಟ್ಟಾ ಸೋಮಾರಿ ನೀನು" ಎಂದೆ.

ನಕ್ಕ. ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಹೇಳಿದ: "ಬೇಗ ಹೇಳ್ಬಿಟ್ಟೆ ನೀನು."

ಅದಾಗಿ ಎರಡು ದಿನಕ್ಕೆ ಹೋದ.

ಮಣ್ಣು ಮಾಡಿದ ದಿನ ಕಂಡಕ್ಟರ್ ಸೇತುವೆ ದಾಟಿ ನಡೆದೇ ಬಂದ. ಎಲ್ಲರೂ ಹೊರಟ ಮೇಲೆ ನನ್ನ ಪಕ್ಕ ನಿಂತು, ಪ್ಯಾಂಟು ಸ್ವಲ್ಪ ಎತ್ತಿ ಕಾಲು ತೋರಿಸಿದ. ಸವೆದಿತ್ತು. "ಇನ್ನು ಇದನ್ನ ಯಾರು ಮಾಡಿಕೊಡ್ತಾರೆ ಮೇಷ್ಟ್ರೇ?" ಎಂದ. ಆಮೇಲೆ ನೆಲ ನೋಡುತ್ತ ಕೇಳಿದ, "ನೀವು ಅವರ ಜೊತೇಲೇ ಬೆಳೆದೋರು. ಆವತ್ತು ನಮ್ಮಮ್ಮ ಕೇಳಿದ್ದಕ್ಕೆ ನಿಮಗಾದ್ರೂ ಉತ್ತರ ಗೊತ್ತಾ?"

ಸೋಮಾರಿ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಈ ಸಲ ನಾನು ಬೇಗ ಹೇಳಲಿಲ್ಲ. ಅವನು ಕಾಯುತ್ತ ನಿಂತ. ನಾನು ಇನ್ನೂ ಹೇಳಿಲ್ಲ.