ಇವತ್ತು ಯಾರ ಜೊತೆ ಕೂತೆ?
ಜಾವಾದ ನಮ್ಮ ಸೋಲೊ ಊರಿನ ಯಾವ ಶಾಲೆಯ ಗೇಟಿಗೆ ಹೋದರೂ ಒಬ್ಬಳು ವಾರ್ತಿನಿ ಇದ್ದೇ ಇರುತ್ತಾಳೆ. ಬೆಲ್ ಹೊಡೆಯುವುದಕ್ಕೆ ಎಷ್ಟೋ ಮೊದಲೇ ಬಂದು, ಉಳಿದ ತಾಯಂದಿರು ಹರಟುವ ಮಾವಿನ ಮರದ ನೆರಳು ಬಿಟ್ಟು, ಬಿಸಿಲಲ್ಲಿ ಸ್ಕೂಟರಿಗೆ ಒರಗಿ ಮೊಬೈಲು ನೋಡುವಂತೆ ನಟಿಸುತ್ತಾಳೆ. ಮಗಳು ಕಿನಾಂತಿ ಹೊರಗೆ ಕಾಲಿಟ್ಟ ಕೂಡಲೇ ಅದೇ ಪ್ರಶ್ನೆ: “ಇವತ್ತು ಯಾರ ಜೊತೆ ಕೂತೆ, ಕಂದಾ?” “ಎಲ್ಲರ ಜೊತೆ.” ಈ ಉತ್ತರ ವಾರ್ತಿನಿಗೆ ಸಾಲದು; ಎಲ್ಲರ ಜೊತೆ ಕೂತ ಮಗು ಒಬ್ಬರ ಹೆಸರಾದರೂ ಹೇಳಬೇಡವೇ? ತರಗತಿಯ ಹುಡುಗಿಯರ ಗುಂಪು ನಕ್ಕರೆ ಮಗಳನ್ನು ನೋಡಿಯೇ ನಕ್ಕಿತೆಂದು ಬೆವರುತ್ತಾಳೆ, ನಗದಿದ್ದರೆ ಅವಳ ಜೊತೆ ಟೂ ಬಿಟ್ಟರೆಂದು ಬೆವರುತ್ತಾಳೆ. ಜಾವಾ ಪಂಚಾಂಗದಂತೆ ಮೂವತ್ತೈದು ದಿನಕ್ಕೊಮ್ಮೆ ಮಗುವಿನ ಜನ್ಮವಾರ ಮರಳಿ ಬಂದಾಗಲೆಲ್ಲ ಮಕ್ಕಳನ್ನು ಕರೆದು, ಬಾಳೆಲೆ ಹಾಸಿದ ಒಂದೇ ಮೊರದಲ್ಲಿ ಅನ್ನ, ಕಾಯಿತುರಿ ಬೆರೆಸಿದ ಸೊಪ್ಪು, ಮೊಟ್ಟೆ ಬಡಿಸುವುದು ನಮ್ಮ ವಾಡಿಕೆ. ನೆರೆಮಕ್ಕಳು ಸಾಲದೆಂದು ವಾರ್ತಿನಿ ಆ ಗುಂಪನ್ನೇ ಕರೆಯುತ್ತಾಳೆ, ಮಗಳನ್ನು ನಟ್ಟನಡುವೆ ತುರುಕುತ್ತಾಳೆ: “ಸ್ವಲ್ಪ ಸರ್ಕೊಳ್ರೇ, ಇವಳಿಗೂ ಜಾಗ ಬಿಡಿ! ಮೊಟ್ಟೆ ಇನ್ನೂ ಬೇಕಾದಷ್ಟಿದೆ!” ಗುಂಪು ಮೊಟ್ಟೆ ಮುಗಿಸಿ, ಕೈ ತೊಳೆದು, ಗುಂಪಾಗಿಯೇ ಓಡುತ್ತದೆ, ಕಿನಾಂತಿ ಒಬ್ಬಳೇ ಎಲೆ ಎತ್ತುತ್ತಾಳೆ. ಮೊನ್ನೆ ಗೇಟಿನಿಂದ ಹೊರಬಂದವಳು ಮರದಡಿಯ ತಾಯಂದಿರನ್ನು ನೋಡಿದಳು, ಬಿಸಿಲಲ್ಲಿ ನಿಂತ ಅಮ್ಮನನ್ನು ನೋಡಿದಳು, ತಾನೇ ಮೊದಲು ಕೇಳಿದಳು: “ಇವತ್ತು ನೀನು ಯಾರ ಜೊತೆ ನಿಂತಿದ್ದೆ, ಅಮ್ಮಾ?” ವಾರ್ತಿನಿ ಬಗ್ಗಿ ಮಗಳ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ ಹೇಳಿದಳು: “ಎಲ್ಲರ ಜೊತೆ.”