ಸಿಗಡಿ ಡಬ್ಬಿಯ ಚಹಾ

ಅಣ್ಣ ತೀರಿಹೋಗಿ, ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನವೇ ಸೋದರಮಾವ ಅವನ ಚೀನಾ ಭರಣಿಯನ್ನು ಖಾಲಿ ಮಾಡಿದರು. ಅದರಲ್ಲಿದ್ದ ಚಹಾಸೊಪ್ಪನ್ನು ಒಣಸಿಗಡಿ ಇಡುತ್ತಿದ್ದ ತಗಡಿನ ಡಬ್ಬಿಗೆ ಸುರಿದು, ಭರಣಿಗೆ ಉಪ್ಪು ಹಾಕಿದ ಬಂಗುಡೆ ತುಂಬಿಸಿದರು. ಮಳೆಗಾಲ ಹತ್ತಿರ ಬಂದಿತ್ತು, ಮೀನು ಉಪ್ಪಿಗೆ ಹಾಕುವ ಸಮಯ. ನಾನು ಬಾವಿಯಿಂದ ಕೊಡ ಹೊತ್ತು ಬರುವಾಗ ಅವರು ಕೈಯನ್ನು ಪಂಚೆಗೆ ಒರಸಿಕೊಳ್ಳುತ್ತಿದ್ದರು. ಉಗುರಿನ ಸಂದಿಯಲ್ಲಿ ಮೀನಿನ ರಕ್ತ ಒಣಗಿತ್ತು. ಆವತ್ತಿನಿಂದ ಆ ಕೈ ಬಡಿಸಿದ್ದನ್ನು ನಾನು ಎಲೆಯ ಅಂಚಿಗೆ ಸರಿಸಿ ಬಿಡುತ್ತಿದ್ದೆ.

ಏನು ಮಾಡಿದಿರಿ ಎಂದು ಕೇಳಿದೆ.

"ಸತ್ತವನಿಗೆ ಭರಣಿ ಎಂತಕ್ಕೆ ಮಾರಾಯ್ತಿ? ಸೊಪ್ಪು ಬಿಸಾಡಲಿಲ್ಲವಲ್ಲ, ಡಬ್ಬಿಯಲ್ಲಿ ಉಂಟು," ಎಂದರು.

ನಮ್ಮ ಕಡೆ ಗಂಡಸರಿಗೆ ಅಕ್ಕತಂಗಿಯರ ಮನೆಯೇ ಮನೆ, ಯಜಮಾನಿಕೆ ಸೋದರಮಾವನದ್ದು. ಅಮ್ಮ ಹೋದ ಮೇಲೆ ಉರ್ವದ ಆ ಮನೆಯಲ್ಲಿ ಉಳಿದವರು ಮಾವ, ನಾನು, ಎದೆ ಕೆಟ್ಟು ಊರಿಗೆ ಮರಳಿದ್ದ ಅಣ್ಣ. ಅವನು ಮುಂಬಯಿಯಿಂದ ಚೀನಾದ ಕಡೆ ಹೋಗುವ ಹಡಗಿನಲ್ಲಿ ಅಡುಗೆಯವನಾಗಿದ್ದ. ಬರುವಾಗ ಒಂದು ಟ್ರಂಕು ಮತ್ತು ಆ ಚಹಾ ತಂದ. ಊಲಾಂಗ್ ಎನ್ನುತ್ತಿದ್ದ. ಸಿಂಗಾಪುರದ ಬಂದರಿನ ಹತ್ತಿರ ಒಬ್ಬ ಚೀನೀ ಮುದುಕನ ಅಂಗಡಿ ಬಿಟ್ಟರೆ ಬೇರೆಲ್ಲೂ ಅವನು ಕೊಳ್ಳುತ್ತಿರಲಿಲ್ಲವಂತೆ. ಬೇರೆ ಕಡೆ ಯಾರೋ ಕುಡಿದು ಬಿಟ್ಟ ಸೊಪ್ಪನ್ನೇ ಒಣಗಿಸಿ, ಬಣ್ಣ ಕೊಟ್ಟು, ಮತ್ತೆ ಮಾರುತ್ತಿದ್ದರು ಎಂದು ಅವನು ಹೇಳುವಾಗ ನಾನು ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದೆ. ಮುದುಕ ಮೊದಲು ಕುಡಿಸುತ್ತಿದ್ದ. ನೆನೆದ ಎಲೆಯನ್ನು ಬೆರಳಿನಿಂದ ಬಿಡಿಸಿ, ಒಳ್ಳೆಯ ಸೊಪ್ಪಿನ ಗುರುತು ಎಂದು ನಡು ಹಸುರು, ಅಂಚು ಕೆಂಪು ಇರುವುದನ್ನು ತೋರಿಸಿ, ಆಮೇಲೆ ತಕ್ಕಡಿ ಎತ್ತುತ್ತಿದ್ದ.

ಪ್ರತಿ ವರ್ಷ ಮಳೆ ನಿಂತು ಬಿಸಿಲು ಗಟ್ಟಿಯಾದ ಮೇಲೆ ಅಣ್ಣ ಭರಣಿ ತೆರೆಯುತ್ತಿದ್ದ. ತೆಂಗಿನ ಗೆರಟೆಯ ಕೆಂಡಕ್ಕೆ ಬೂದಿ ಮುಚ್ಚಿ, ಅದರ ಮೇಲೆ ಬೆತ್ತದ ಬುಟ್ಟಿಯಿಟ್ಟು, ಸೊಪ್ಪನ್ನು ಕೈಯಿಂದ ಮಗುಚುತ್ತ ಅರ್ಧ ದಿನ ಕೂರುತ್ತಿದ್ದ. ಕೆಮ್ಮು ಬಂದರೆ ಮುಖ ಆಚೆ ತಿರುಗಿಸುತ್ತಿದ್ದ. ಹಲಸಿನ ಬೀಜ ಸುಟ್ಟಂಥ ಪರಿಮಳ ಅಂಗಳ ದಾಟಿ ಹೋಗುತ್ತಿತ್ತು. ತಣಿದ ಮೇಲೆ ಕುಡಿಯಲು ಬೇಕಾದಷ್ಟು ತೆಗೆದಿಟ್ಟು, ಉಳಿದದ್ದನ್ನು ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಮೇಣ ಬಳಿಯುತ್ತಿದ್ದ. ಹೀಗೆ ಮಾಡುತ್ತಾ ಹೋದರೆ ವರ್ಷ ಕಳೆದಂತೆ ಸೊಪ್ಪಿನ ಒಗರು ಹೋಗಿ ಸಿಹಿ ಬರುತ್ತದೆ ಎನ್ನುತ್ತಿದ್ದ. ಮೀನಿನ ಬುಟ್ಟಿಯನ್ನು ಹತ್ತಿರ ತರಲು ಬಿಡುತ್ತಿರಲಿಲ್ಲ.

"ಇದಕ್ಕೆ ನಮಗಿಂತ ದೊಡ್ಡ ಮೂಗು ಉಂಟು. ಪಕ್ಕದಲ್ಲಿ ಎಂತ ಇಟ್ಟರೂ ಅದನ್ನು ಎಳೆದುಕೊಳ್ತದೆ," ಎಂದಿದ್ದ. ಮಾವ ಅದನ್ನು ಕೇಳಿ ನಕ್ಕಿದ್ದರು.

ದೀಪಾವಳಿ ಬಂತು. ಆ ಹೊತ್ತಿಗೆ ನಮ್ಮಲ್ಲಿ ಸತ್ತವರಿಗೆ ಅಗೆಲು ಬಡಿಸುವ ಕ್ರಮ. ಒಳಕೋಣೆಯಲ್ಲಿ ದೀಪವಿಟ್ಟು, ಬಾಳೆಲೆಯಲ್ಲಿ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದು ಹೊರಗೆ ಕಾಯಬೇಕು. ಆಮೇಲೆ ಆ ಎಲೆಯಲ್ಲಿರುವುದನ್ನು ಮನೆಯವರೇ ಹಂಚಿಕೊಂಡು ಉಣ್ಣಬೇಕು, ಬಿಸಾಡಬಾರದು. ಮೊದಲ ತುತ್ತು ಯಜಮಾನನದ್ದು. ಅಣ್ಣನಿಗೆ ಅದು ಮೊದಲ ಅಗೆಲು. ಕೊನೆಯ ತಿಂಗಳುಗಳಲ್ಲಿ ಅವನ ಹೊಟ್ಟೆಯಲ್ಲಿ ನಿಲ್ಲುತ್ತಿದ್ದದ್ದು ಆ ಚಹಾ ಒಂದೇ. ಅವನ ಎಲೆಯ ಪಕ್ಕದಲ್ಲಿ ಅದರ ಒಂದು ಲೋಟ ಇರಲೇಬೇಕೆಂದು ನಾನು ಹಟ ಹಿಡಿದಿದ್ದೆ.

ಡಬ್ಬಿಯ ಮುಚ್ಚಳ ತೆಗೆದೆ. ಸೊಪ್ಪು ಅಂಟಿಕೊಂಡು ಉಂಡೆಯಾಗಿತ್ತು, ಮೇಲೆ ಬಿಳಿ ಬೂಷ್ಟು. ಒಡೆದರೆ ಒಳಗೆ ಸಿಗಡಿಯ ಮೀಸೆ, ತಲೆ, ಸತ್ತ ಹುಳ. ಬಂದರಿನಲ್ಲಿ ಮೀನು ಹರಡಿದ ಜಾಗಕ್ಕೆ ಮಳೆ ಬಿದ್ದ ಮರುದಿನದ ವಾಸನೆ. ಬೂಷ್ಟು ಹಿಡಿದದ್ದನ್ನು ಎಸೆದು, ಉಳಿದದ್ದನ್ನು ಆರಿಸಿ ಮೊರದಲ್ಲಿ ಬಿಸಿಲಿಗೆ ಹಾಕಿದೆ. ನೊಣ ಮುತ್ತಿದವು. ಚಹಾಕ್ಕೆ ನೊಣ ಮುತ್ತುವುದನ್ನು ನಾನು ಮೊದಲ ಬಾರಿ ನೋಡಿದ್ದು.

ಮಾರನೆಯ ದಿನ ಅಣ್ಣ ಮಾಡುತ್ತಿದ್ದಂತೆಯೇ ಬೂದಿ ಮುಚ್ಚಿದ ಕೆಂಡದ ಮೇಲೆ ಹುರಿಯಲು ಕೂತೆ. ಕಾವಿಗೆ ವಾಸನೆ ಹೋಗುತ್ತದೆ ಎಂದುಕೊಂಡಿದ್ದೆ. ಅದು ಹೋಗಲಿಲ್ಲ, ಎದ್ದು ಬಂತು. ಕೂದಲಿಗೆ, ಸೀರೆಗೆ, ಬಾಯೊಳಗೆ ಹೊಕ್ಕಿತು. ನಾವು ಬಾಯಿ ಎಂದು ಕರೆಯುತ್ತಿದ್ದ ಆಚೆಮನೆಯ ಹೆಂಗಸು ಬೇಲಿಯ ಮೇಲಿಂದ ಇಣುಕಿ, "ಎಂತ, ಬೆಂಗ್ರೆಯ ಮೀನುಗಾರರೆಲ್ಲ ಹೊಳೆ ದಾಟಿ ನಿಮ್ಮ ಅಂಗಳಕ್ಕೇ ಬಂದರಾ?" ಎಂದರು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಬಾಳೆಗಿಡದ ಬುಡಕ್ಕೆ ಹೋಗಿ ವಾಂತಿ ಮಾಡಿ, ಬಾಯಿ ತೊಳೆದು, ಮತ್ತೆ ಬುಟ್ಟಿಯ ಮುಂದೆ ಕೂತೆ.

ಮೊದಲ ಗುಟುಕು ತಮ್ಮದೇ ಎಂದು ಮಾವನಿಗೆ ಚಿಂತೆ ಹಿಡಿದದ್ದು ಆಗ. ಬೆಲ್ಲ ಹಾಕಿ ಕಾಫಿ ಮಾಡು, ಅದನ್ನೇ ಇಡುವ ಎಂದರು. ಇಷ್ಟವಾದದ್ದು ಇಡುವುದು ಕ್ರಮ ನಿಜ, ಆದರೆ ಸತ್ತವನ ಹುಚ್ಚನ್ನೆಲ್ಲ ಎಲೆಗೆ ಬಡಿಸಬೇಕೆಂದು ಯಾರೂ ಹೇಳಿಲ್ಲ ಎಂದರು. ಎಲೆಯಡಿಕೆಯ ಎಂಜಲು ಅವರ ಗಲ್ಲದ ಮೇಲೆ ಇಳಿದಿತ್ತು. ನಾನು ಅವರ ಮುಖ ನೋಡದೆ, ಚಹಾ ಇಡದಿದ್ದರೆ ಅಗೆಲಿಗೆ ಅಕ್ಕಿಯನ್ನೂ ತೊಳೆಯುವುದಿಲ್ಲ ಎಂದೆ. ಅಷ್ಟು ಮಾತನ್ನು ನಾನು ಅವರಿಗೆ ಎಂದೂ ಹೇಳಿರಲಿಲ್ಲ.

ಕೋಳಿ, ರೊಟ್ಟಿ, ಕಳ್ಳು, ಬೀಡಿ. ಪಕ್ಕದಲ್ಲಿ ಚಹಾದ ಲೋಟ. ಬಾಗಿಲು ಎಳೆದು ಜಗಲಿಯಲ್ಲಿ ಕೂತೆವು. ಬಾಗಿಲ ಸಂದಿಯಿಂದ ಆ ನಾತ ಬರುತ್ತಿತ್ತು. ಒಳಗೆ ಅಣ್ಣ ಬಂದಿದ್ದರೆ ಲೋಟದ ಮೇಲೆ ಬಾಗಿ ಮೂಗು ಹಿಂದಕ್ಕೆಳೆದುಕೊಂಡಿರುತ್ತಾನೆ ಎನಿಸಿತು. ಎದ್ದು ಹೋಗಿ ಅದನ್ನು ತೆಗೆದುಬಿಡಲೇ ಎಂದುಕೊಂಡೆ. ಬಾಗಿಲು ಎಳೆದ ಮೇಲೆ ಒಳಗೆ ಹೋಗುವಂತಿಲ್ಲ.

ಬಾಗಿಲು ತೆರೆದಾಗ ಮಾವ ಮೊದಲು ಕೋಳಿಗೆ ಕೈ ಹಾಕಿದರು. ನಾನು ಲೋಟವನ್ನು ಅವರ ಮುಂದೆ ಹಿಡಿದೆ. ಕ್ರಮ ಬಿಡುವ ಧೈರ್ಯ ಅವರಿಗಿರಲಿಲ್ಲ. ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿ, ಕಷ್ಟಪಟ್ಟು ನುಂಗಿದರು.

"ಇದನ್ನಾ ಅವನು ದಿನಾ ಕುಡಿಯುತ್ತಿದ್ದದ್ದು?"

"ಅಲ್ಲ," ಎಂದೆ. "ಅವನು ಕುಡಿಯುತ್ತಿದ್ದದ್ದು ಭರಣಿಯಲ್ಲಿತ್ತು."

ಅವರು ಕೋಳಿಯ ತುಂಡನ್ನು ಕೈಯಲ್ಲಿ ಹಿಡಿದೇ ಕೂತರು. ಉಳಿದದ್ದನ್ನು ನಾನು ಕುಡಿದೆ. ಕೊಳೆತ ಸಿಗಡಿ, ಹೊಗೆ, ಕಹಿ. ಅಣ್ಣನದೆನ್ನುವುದು ಏನೂ ಇರಲಿಲ್ಲ. ಉಳಿದ ಸೊಪ್ಪನ್ನು ಮರುದಿನ ಬಚ್ಚಲ ಒಲೆಗೆ ಹಾಕಿದೆ.

ಮುಂದಿನ ವರ್ಷ ಮಾವ ತಾವಾಗಿ ಬಂದರಿಗೆ ಹೋಗಿ, ಯಾವುದೋ ಅಂಗಡಿಯಿಂದ ಚಹಾಪುಡಿಯ ಪೊಟ್ಟಣ ತಂದು ನನ್ನ ಮುಂದಿಟ್ಟರು. ಒಳ್ಳೆಯದಂತೆ ಎಂದರು. ಎಲೆ ಬಿಡಿಸಿ ತೋರಿಸದ ಅಂಗಡಿಯಿಂದ ಅಣ್ಣ ಎಂದೂ ಕೊಂಡವನಲ್ಲ, ನಾನು ಅದನ್ನು ಬಿಚ್ಚಲಿಲ್ಲ. ಅಣ್ಣನ ಎಲೆಯ ಪಕ್ಕದಲ್ಲಿ ಬಾವಿಯ ನೀರಿಟ್ಟೆ.