ದೊಚುಲಾ ಘಾಟಿಯಲ್ಲಿ ಚೆಲ್ಲಿದ ಕಾಫಿ

ಕಳೆದ ತಿಂಗಳು ಜಯನಗರದ ದರ್ಶಿನಿಯೊಂದರಲ್ಲಿ ನಿಂತು ಇಡ್ಲಿ ತಿನ್ನುತ್ತಿದ್ದೆ. ಪಕ್ಕದ ಹೆಂಗಸಿನ ಕೈಯಿಂದ ಲೋಟ ಜಾರಿ, ಕಾಫಿಯೆಲ್ಲ ಅವರ ಉಣ್ಣೆಯ ಶಾಲಿನ ಮೇಲೆ ಚೆಲ್ಲಿತು. ಕಾಫಿ, ಒದ್ದೆ ಉಣ್ಣೆ... ಎರಡೂ ಬೆರೆತ ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನನ್ನ ಮುಖ ಬಿಸಿಯಾಯಿತು. ಇಡ್ಲಿಯನ್ನು ಅರ್ಧಕ್ಕೇ ಬಿಟ್ಟು ಹೊರಗೆ ಬಂದೆ.

ಎದುರುಮನೆಯ ಅಕ್ಕ ನೆನಪಾಗಿದ್ದರು.

ಉತ್ತರಹಳ್ಳಿಯ ನಮ್ಮ ಬಡಾವಣೆಯಲ್ಲಿ ನಮ್ಮ ಗೇಟಿನೆದುರೇ ಅವರ ಗೇಟು. ನನಗಿಂತ ಸಾಕಷ್ಟು ಹಿರಿಯರು. ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಸಂಜೆ ಪಾರ್ಕಿನಲ್ಲಿ ಜೊತೆಯಾಗಿ ನಡೆಯುತ್ತಿದ್ದ ನಾವು ನಾಲ್ಕಾರು ಮನೆಯವರು ಭೂತಾನಿಗೆ ಹೊರಟದ್ದೇ ಅವರ ಹಟದಿಂದ. "ಕಾಶಿ ಎಲ್ಲಾರೂ ನೋಡ್ತಾರೆ ಕಣ್ರೀ. ನಮ್ಮ ಬೀದೀಲಿ ಯಾರೂ ನೋಡ್ದೇ ಇರೋ ಕಡೆ ಹೋಗೋಣ" ಅಂದಿದ್ದರು. ಕೋವಿಡ್‌ಗೆ ಮುಂಚಿನ ಮಾತು. ಕಾಫಿಪುಡಿ, ಫಿಲ್ಟರು, ದೊಡ್ಡದೊಂದು ಫ್ಲಾಸ್ಕು ಎಲ್ಲವನ್ನೂ ಹೊತ್ತುಕೊಂಡೇ ಅವರು ಬಂದಿದ್ದು. ದಿನಾ ಬೆಳಿಗ್ಗೆ ಹೋಟೆಲಿನ ಅಡುಗೆಮನೆಗೆ ನುಗ್ಗಿ, ಕೈಸನ್ನೆಯಲ್ಲೇ ಹಾಲು ಕೇಳಿ, ನಮಗೆಲ್ಲ ಕಾಫಿ ಮಾಡಿ ತರುತ್ತಿದ್ದರು.

ಥಿಂಫುವಿನಿಂದ ಪುನಾಖಾಕ್ಕೆ ಹೊರಟ ದಿನ ದಟ್ಟ ಮಂಜು. ದೊಚುಲಾ ಘಾಟಿ ಹತ್ತುವಾಗ ಮುಂದೆಲ್ಲೋ ಗುಡ್ಡ ಕುಸಿದು, ನಮ್ಮ ಮಿನಿ ಬಸ್ಸು ವಾಹನಗಳ ಸಾಲಿನಲ್ಲಿ ನಿಂತುಬಿಟ್ಟಿತು. ಗಂಡಸರು ಇಳಿದು ಬಂಡೆಯ ಮರೆಗೆ ಹೋಗಿ ಬಂದರು. ನನಗೆ ಹೆರಿಗೆಯಾದ ಮೇಲೆ ತಡೆದುಕೊಳ್ಳುವ ಶಕ್ತಿಯೇ ಕಡಿಮೆಯಾಗಿತ್ತು. ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ, ಮನೆಯವರಿಗೂ. ಇಳಿಯುತ್ತೇನೆ ಅನ್ನಲು ನಾಚಿಕೆಯಾಗಿ ಹಲ್ಲು ಕಚ್ಚಿ ಕುಳಿತೆ. ಕೊನೆಗೂ ಬಸ್ಸು ಹೊರಟಿತು. ಒಂದು ತಿರುವಿನಲ್ಲಿ ಗುಂಡಿಗೆ ಇಳಿದು ಎಗರಿತು...

ಆಗಿಹೋಯಿತು. ತಿಳಿನೀಲಿ ಚೂಡಿದಾರ. ಮುಚ್ಚಿಕೊಳ್ಳಲು ಏನೂ ಇಲ್ಲ.

ಘಾಟಿಯ ನೆತ್ತಿ ಬಂತು. ಫೋಟೋ ತೆಗೆಸಿಕೊಳ್ಳಲು ಎಲ್ಲರೂ ಎದ್ದರು. ನಾನು ಏಳಲಿಲ್ಲ. ಪಕ್ಕದಲ್ಲಿದ್ದ ಅಕ್ಕ ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಸೀಟು ನೋಡಿದರು. ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಕಾಫಿ ಬಗ್ಗಿಸಿಕೊಂಡು, ಅದಕ್ಕೆ ಬೆರಳು ಅದ್ದಿ ನೋಡಿದರು. ಸುಡುವುದಿಲ್ಲ ಎಂದು ಖಾತ್ರಿಯಾದ ಮೇಲೆ ಇಡೀ ಫ್ಲಾಸ್ಕನ್ನೇ ನನ್ನ ಮಡಿಲಿಗೆ ಸುರಿದು, "ಅಯ್ಯಯ್ಯೋ!" ಎಂದು ಕೂಗಿಕೊಂಡರು.

ಎಲ್ಲರೂ ತಿರುಗಿ ನೋಡಿದರು. ಅವರ ಯಜಮಾನರು ಮುಂದಿನಿಂದಲೇ ರೇಗಿದರು. "ಏನೇ ಅದು? ಒಂದು ಫ್ಲಾಸ್ಕ್ ಹಿಡ್ಕೊಳಕ್ಕೂ ಬರಲ್ವಾ ನಿಂಗೆ?"

"ಯಾಕೋ ಕೈ ನಡುಗ್ತು ರೀ" ಎಂದರು ಅಕ್ಕ, ತಲೆ ತಗ್ಗಿಸಿ. ಆಮೇಲೆ ತಾವು ಹೊದ್ದಿದ್ದ ಉಣ್ಣೆಯ ಶಾಲು ತೆಗೆದು ನನ್ನ ಸೊಂಟಕ್ಕೆ ಸುತ್ತಿದರು.

ಉಳಿದ ಪ್ರವಾಸವೆಲ್ಲ ಅವರ ಕೈ ಎಲ್ಲರ ತಮಾಷೆಗೆ ವಸ್ತುವಾಯಿತು. ಊಟದ ತಟ್ಟೆ ಎತ್ತಿದರೂ "ಹುಷಾರು, ಹುಷಾರು" ಎಂದು ನಗುತ್ತಿದ್ದರು. ಅಕ್ಕನೂ ನಗುತ್ತಿದ್ದರು. ನನಗೆ ಮಾತ್ರ ಅವರ ಮುಖ ನೋಡಲಾಗುತ್ತಿರಲಿಲ್ಲ.

ಊರಿಗೆ ಬಂದ ಮೇಲೂ ಹಾಗೇ ಆಯಿತು. ಅವರು ನನಗೆ ಮಾಡಿದ್ದು ಉಪಕಾರ, ಆದರೆ ಅವರನ್ನು ಕಂಡರೆ ಆ ಒದ್ದೆ ಸೀಟೇ ಕಣ್ಣಿಗೆ ಬರುತ್ತಿತ್ತು. ಯಾರಿಗಾದರೂ ಹೇಳಿರಬಹುದೇ ಎಂಬ ಅಳುಕು ಬೇರೆ. ಮಂಡಿನೋವೆಂದು ನೆಪ ಹೇಳಿ ಪಾರ್ಕಿಗೆ ಹೋಗುವುದನ್ನೇ ಬಿಟ್ಟೆ. ಒಂದು ದಿನ ಅವರೇ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ.

"ನೀವು ಸಾಯಂಕಾಲ ವಾಕಿಂಗ್ ಬಿಡ್ಬೇಡಿ. ನಾನು ಇನ್ಮೇಲೆ ಬೆಳಿಗ್ಗೆ ಹೊತ್ತು ಹೋಗ್ತೀನಿ" ಎಂದರು.

ಎಲ್ಲವೂ ಅವರಿಗೆ ಅರ್ಥವಾಗಿತ್ತು. ಬೇಡ ಅಕ್ಕ, ಒಟ್ಟಿಗೇ ಹೋಗೋಣ ಅನ್ನಬೇಕಿತ್ತು. "ಸರಿ ಅಕ್ಕ" ಅಂದೆ.

ಕೆಲವು ವರ್ಷಗಳ ನಂತರ ಅವರಿಗೆ ನಿಜವಾಗಿಯೂ ನಡುಗುವ ಕಾಯಿಲೆ ಬಂತು. ನೋಡಲು ಹೋದಾಗಲೂ ಬೇರೆಯವರ ಜೊತೆಗೇ ಹೋದೆ, ಇಬ್ಬರೇ ಉಳಿಯುವ ಸಂದರ್ಭ ಬಾರದಿರಲಿ ಎಂದು... ಹೋದ ವರ್ಷ ತೀರಿಕೊಂಡರು.

ವೈಕುಂಠ ಸಮಾರಾಧನೆಯ ದಿನ ಅವರ ಮಗಳು ನನ್ನ ಪಕ್ಕ ಬಂದು ಕುಳಿತಳು. ಅತ್ತು ಅತ್ತು ಕಣ್ಣು ಊದಿತ್ತು. "ಭೂತಾನಲ್ಲೇ ಅಮ್ಮನ ಕೈ ನಡುಗ್ತಿತ್ತಂತಲ್ಲ ಆಂಟಿ. ಎಲ್ರೂ ಹೇಳ್ತಿದಾರೆ. ಆಗ್ಲೇ ಡಾಕ್ಟ್ರಿಗೆ ತೋರಿಸಿದ್ರೆ ಇಷ್ಟು ಅನುಭವಿಸ್ತಿರ್ಲಿಲ್ವೇನೋ. ನಾನು ಗಮನಿಸ್ಲೇ ಇಲ್ಲ."

ಅವಳ ಕೈ ಹಿಡಿದುಕೊಂಡೆ. ಎದುರಿನ ಸಾಲಿನಲ್ಲಿ ನನ್ನ ಗಂಡ, ಪ್ರವಾಸಕ್ಕೆ ಬಂದಿದ್ದವರು, ಎಲ್ಲರೂ ಇದ್ದರು.

"ಇಲ್ಲಮ್ಮ, ಅವತ್ತು ಅವರ ಕೈ ನಡುಗ್ಲಿಲ್ಲ. ಬಸ್ಸಲ್ಲಿ ನನಗೆ ತಡ್ಕೊಳಕ್ಕಾಗದೆ ಬಟ್ಟೆ ಒದ್ದೆ ಆಗೋಗಿತ್ತು. ಯಾರಿಗೂ ಗೊತ್ತಾಗ್ಬಾರ್ದು ಅಂತ ನಿಮ್ಮಮ್ಮ ಬೇಕಂತ್ಲೇ ಕಾಫಿ ಚೆಲ್ಲಿದ್ರು."

ಎದುರಿನ ಸಾಲಿನವರೆಲ್ಲ ಇತ್ತ ತಿರುಗಿದರು. ಅವಳು ನನ್ನನ್ನೇ ನೋಡುತ್ತಿದ್ದಳು.

"ಅಮ್ಮ ನಂಗೆ ಎಲ್ಲಾ ಹೇಳೋರು ಆಂಟಿ" ಎಂದಳು ಮೆಲ್ಲಗೆ. "ಇದನ್ನ ಹೇಳ್ಲೇ ಇಲ್ಲ."

ಈಗ ಎದುರುಮನೆಯಲ್ಲಿ ಬಾಡಿಗೆಗೆ ಯಾರೋ ಇದ್ದಾರೆ, ಒಳ್ಳೆಯವರೇ. ಆ ಗೇಟು ಸದ್ದು ಮಾಡಿದರೆ ಇವತ್ತಿಗೂ ನನ್ನ ತಲೆ ತಾನಾಗಿ ತಗ್ಗುತ್ತದೆ. ಅಷ್ಟು ವರ್ಷದ ಅಭ್ಯಾಸ. ಆಮೇಲೆ ಅಕ್ಕ ಇಲ್ಲ ಎಂಬುದು ನೆನಪಾಗಿ, ತಲೆ ಎತ್ತಿ ನೋಡುತ್ತೇನೆ.